ಟೆಸ್ಟರ್ ಉರಿಯಿತು, ಸ್ವಿಚ್ ಏಕೆ ಉರಿಯಲಿಲ್ಲ?

ಬಳ್ಳಾರಿ ನಗರದಲ್ಲಿ ಒಂದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಬಿಸಿಲು ಉರಿಯುವ ಒಂದು ಮಧ್ಯಾಹ್ನ. ಮೇಜಿನ ಮೇಲೆ ಎರಡು ಕೈಚೀಲಗಳು. ಒಂದು ಸಿರುಗುಪ್ಪದಿಂದ ಬಂದದ್ದು, ಇನ್ನೊಂದು ಕುರುಗೋಡಿನಿಂದ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯ ತಗಡಿನ ಪೆಟ್ಟಿಗೆ. ಎರಡಕ್ಕೂ ಒಂದೇ ದೂರು: ‘ಆನ್ ಆಗುತ್ತಿಲ್ಲ.’

ಸಿರುಗುಪ್ಪದ ಚೀಲ ಹಿಡಿದು ಬಂದವರು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಮೇಷ್ಟ್ರು. ಜೊತೆಗೆ ಪಿಯುಸಿ ಓದುವ ಒಬ್ಬ ಹುಡುಗ. ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಬಂದಿದ್ದಾರೆ. ಮುಖದಲ್ಲಿ ಆತಂಕ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮರುದಿನವೇ ಕಡೆಯ ದಿನ. ಲ್ಯಾಬಿನಲ್ಲಿ ಮೂವತ್ತು ಕಂಪ್ಯೂಟರುಗಳಿವೆ, ಮೂವತ್ತೂ ಚೆನ್ನಾಗಿವೆ. ಆದರೆ ಒಂದಕ್ಕೂ ಇಂಟರ್‌ನೆಟ್ ಇಲ್ಲ. ಹುಡುಗರ ಅಪ್ಪಂದಿರು ಹೊಲದ ಕೆಲಸ ಬಿಟ್ಟು ಬಂದು ಜಗುಲಿಯ ಮೇಲೆ ಕುಳಿತಿದ್ದಾರೆ.

‘ಉಸ್ತಾದ್, ಇದು ಸತ್ತುಹೋಗೈತಿ. ಟೆಸ್ಟರ್ ಹಚ್ಚಿ ನೋಡೀನಿ, ಕರೆಂಟ್ ಐತಿ. ಹೊಸದೇ ಕೊಡಿಸಿಬಿಡ್ರಿ’ ಎಂದರು ಮೇಷ್ಟ್ರು.

ಹಿರಿಯ ಮೆಕ್ಯಾನಿಕ್ ಮಾತನಾಡಲಿಲ್ಲ. ಪೆಟ್ಟಿಗೆಗೆ ತಮ್ಮ ವಯರು ಸಿಕ್ಕಿಸಿ ಬಟನ್ ಒತ್ತಿದರು. ಮುಂಭಾಗದ ಹಸಿರು ದೀಪಗಳು ಸಾಲಾಗಿ ಮಿನುಗಿದವು. ಒಳಗಿನ ಫ್ಯಾನ್ ಗುಂಯ್‌ಗುಟ್ಟಿತು. ಸತ್ತ ಪೆಟ್ಟಿಗೆ ಎದ್ದು ಕುಳಿತಿತ್ತು!

ಹಾಗಾದರೆ ಟೆಸ್ಟರ್ ಸುಳ್ಳು ಹೇಳಿತೆ? ಇಲ್ಲ. ಟೆಸ್ಟರ್ ನಿಜವನ್ನೇ ಹೇಳಿತ್ತು. ಆದರೆ ಮೇಷ್ಟ್ರು ಅದನ್ನು ಕೇಳಿದ ಪ್ರಶ್ನೆಯೇ ಬೇರೆ, ಅವರಿಗೆ ಬೇಕಾಗಿದ್ದ ಉತ್ತರವೇ ಬೇರೆ. ಇದು ಹೇಗೆಂದು ತಿಳಿಯಲು ಮೊದಲು ಆ ಪೆಟ್ಟಿಗೆಯ ಪರಿಚಯ ಆಗಬೇಕು.

ಏನಿದು ಸ್ವಿಚ್?

ಸ್ವಿಚ್ ಎಂದೊಡನೆ ಗೋಡೆಯ ಮೇಲಿನ ದೀಪದ ಬಟನ್ ನೆನಪಾಗುವುದು ಸಹಜ. ಇದು ಅದಲ್ಲ. ಇದು ನೆಟ್‌ವರ್ಕ್ ಸ್ವಿಚ್. ಒಂದು ಕಟ್ಟಡದ ಕಂಪ್ಯೂಟರುಗಳಿಂದ ಬರುವ ತಂತಿಗಳೆಲ್ಲ ಬಂದು ಸೇರುವ ಕೂಡುದಾಣ. ಇದರ ಕೆಲಸ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನ ಕೆಲಸದಂತೆ. ಬಂದ ಪ್ರತಿಯೊಂದು ಮಾಹಿತಿಯ ಪೊಟ್ಟಣದ ಮೇಲೂ ವಿಳಾಸವಿರುತ್ತದೆ. ಯಾವ ಕಂಪ್ಯೂಟರು ಯಾವ ತಂತಿಯ ತುದಿಯಲ್ಲಿದೆ ಎಂಬ ಪಟ್ಟಿಯನ್ನು ಸ್ವಿಚ್ ತಾನೇ ಕಲಿತು ಇಟ್ಟುಕೊಳ್ಳುತ್ತದೆ; ಪೊಟ್ಟಣವನ್ನು ಆ ತಂತಿಗೆ ಮಾತ್ರ ಕಳಿಸುತ್ತದೆ.

ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಈಥರ್‌ನೆಟ್ ವಿಧಾನ 1973ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಸಂಗಡಿಗರ ಕೈಯಲ್ಲಿ ಹುಟ್ಟಿತು. ಅದಕ್ಕೆ ಒಪ್ಪುವ ಮೊದಲ ಸ್ವಿಚ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದನ್ನು ತಯಾರಿಸಿದ ಅಮೆರಿಕದ ಕಂಪನಿಯ ಹೆಸರು ಕೇಳಿದರೆ ಸೋಜಿಗವಾಗುತ್ತದೆ: ‘ಕಲ್ಪನಾ’! ಅದನ್ನು ಕಟ್ಟಿದವರಲ್ಲಿ ಒಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. ಆ ಮೊದಲ ಸ್ವಿಚ್ಚಿಗೆ ಇದ್ದದ್ದು ಏಳೇ ಕಿಂಡಿಗಳು. 1994ರಲ್ಲಿ ಸಿಸ್ಕೊ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು.

ಇಂದು ಕಾಲೇಜು, ಬ್ಯಾಂಕು, ಆಸ್ಪತ್ರೆ, ಎಲ್ಲೆಡೆ ಈ ಪೆಟ್ಟಿಗೆಗಳಿವೆ. ಸಾಮಾನ್ಯವಾಗಿ ಇವನ್ನು ಗೋಡೆಗೆ ಹೊಡೆದ ಇಲ್ಲವೇ ನೆಲದ ಮೇಲೆ ನಿಲ್ಲಿಸಿದ ಕಬ್ಬಿಣದ ಬೀರುವಿನಲ್ಲಿ ಕೂರಿಸುತ್ತಾರೆ. ಅದಕ್ಕೆ ರ‍್ಯಾಕ್ ಎನ್ನುತ್ತಾರೆ. ಒಳಗೆ ಕೂರುವ ಸಾಮಾನಿನ ಅಗಲ 19 ಅಂಗುಲ ಎಂದು ನಿಗದಿಯಾಗಿದೆ. ಬೀರುವಿನ ಒಳಗೇ ಒಂದು ಉದ್ದನೆಯ ವಿದ್ಯುತ್ ಪಟ್ಟಿ ಇರುತ್ತದೆ. ಅದರ ತುಂಬ ಸಾಲು ಸಾಕೆಟ್ಟುಗಳು. ಸಿರುಗುಪ್ಪದ ಸ್ವಿಚ್ಚಿನ ಪ್ಲಗ್ ಇದ್ದದ್ದು ಇಂಥ ಪಟ್ಟಿಯ ಕೊನೆಯ ಸಾಕೆಟ್ಟಿನಲ್ಲಿ.

ಟೆಸ್ಟರ್ ಹೇಳುವುದೇನು?

ಮೂರು ರಂಧ್ರದ ಸಾಕೆಟ್ಟಿನ ಎದುರು ನಿಂತು ನೋಡಿ. ಮೇಲಿನ ದೊಡ್ಡ ರಂಧ್ರ ಅರ್ಥಿಂಗ್‌ನದು. ಕೆಳಗೆ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ವಿದ್ಯುತ್ತು ಫೇಸ್‌ನಿಂದ ಬಂದು, ಉಪಕರಣದ ಮೂಲಕ ಹಾದು, ನ್ಯೂಟ್ರಲ್‌ನಲ್ಲಿ ಹಿಂದಿರುಗಬೇಕು. ಹೋಗುವ ದಾರಿ, ಬರುವ ದಾರಿ ಎರಡೂ ಕೂಡಿದರೆ ಮಾತ್ರ ಮಂಡಲ ಪೂರ್ಣ. ಇದು ಪ್ರೌಢಶಾಲೆಯ ಪಾಠ. ಮೇಷ್ಟ್ರು ಎಷ್ಟೋ ಸಲ ಮಾಡಿದ ಪಾಠ.

ಆದರೆ ಟೆಸ್ಟರ್ ಈ ಮಂಡಲವನ್ನು ಪರೀಕ್ಷಿಸುವುದೇ ಇಲ್ಲ. ಅದರೊಳಗೆ ಒಂದು ಪುಟ್ಟ ನಿಯಾನ್ ದೀಪ, ಅದರ ಜೊತೆಗೆ ಸುಮಾರು ಹತ್ತು ಲಕ್ಷ ಓಮ್‌ನ ಒಂದು ರೋಧಕ. ತುದಿಯನ್ನು ಫೇಸ್‌ಗೆ ಮುಟ್ಟಿಸಿ ಹಿಂಬದಿಯ ಲೋಹಕ್ಕೆ ಬೆರಳಿಟ್ಟಾಗ, ಅತ್ಯಲ್ಪ ವಿದ್ಯುತ್ತು ಹಿಡಿದವನ ದೇಹದ ಮೂಲಕ ನೆಲಕ್ಕೆ ಹರಿಯುತ್ತದೆ. 230 ವೋಲ್ಟನ್ನು ಹತ್ತು ಲಕ್ಷ ಓಮ್‌ನಿಂದ ಭಾಗಿಸಿ: 0.23 ಮಿಲಿ ಆಂಪಿಯರ್. ನಿಯಾನ್ ದೀಪ ಹೊಳೆಯಲು ಅಷ್ಟೇ ಸಾಕು. ಇಲ್ಲಿ ಹಿಂದಿರುಗುವ ದಾರಿ ಮನುಷ್ಯನ ಮೈ ಮತ್ತು ನೆಲ. ನ್ಯೂಟ್ರಲ್ ತಂತಿಗೆ ಈ ವ್ಯವಹಾರದಲ್ಲಿ ಪಾತ್ರವೇ ಇಲ್ಲ. ಅದು ತುಂಡಾಗಿದ್ದರೂ ಟೆಸ್ಟರ್ ಉರಿಯುತ್ತದೆ!

ಅಂದರೆ ಟೆಸ್ಟರ್ ಕೊಡುವ ಉತ್ತರ ಇಷ್ಟೇ: ‘ಇಲ್ಲಿ ಫೇಸ್ ಇದೆ.’ ‘ಈ ಸಾಕೆಟ್ಟು ಕೆಲಸ ಮಾಡುತ್ತದೆ’ ಎಂದು ಅದು ಹೇಳಲಿಲ್ಲ. ಹಾಗೆಂದು ಕೇಳಿಸಿಕೊಂಡವರು ಮೇಷ್ಟ್ರು.

ಮೆಕ್ಯಾನಿಕ್ ಸಿರುಗುಪ್ಪದ ಲ್ಯಾಬಿಗೆ ಫೋನು ಮಾಡಿಸಿದರು. ‘ಆ ಕೊನೆಯ ಸಾಕೆಟ್ಟಿಗೆ ಒಂದು ಟೇಬಲ್ ಲ್ಯಾಂಪ್ ಹಚ್ಚಿ ನೋಡಲಿ. ಹಳೇ ಕಾಲದ 60 ವ್ಯಾಟ್ ಬಲ್ಬು ಇದ್ದರೆ ಇನ್ನೂ ಚಲೋ’ ಎಂದರು. ಎರಡು ನಿಮಿಷದಲ್ಲಿ ಉತ್ತರ ಬಂತು: ದೀಪ ಹತ್ತಲಿಲ್ಲ. ಪಕ್ಕದ ಸಾಕೆಟ್ಟಿಗೆ ಹಾಕಿದರೆ ಹತ್ತಿತು.

60 ವ್ಯಾಟಿನ ತಂತು ದೀಪ 230 ವೋಲ್ಟಿನಲ್ಲಿ ಎಳೆಯುವ ವಿದ್ಯುತ್ತು ಸುಮಾರು 0.26 ಆಂಪಿಯರ್. ಟೆಸ್ಟರಿನಲ್ಲಿ ಹರಿಯುವುದರ ಸುಮಾರು ಸಾವಿರ ಪಟ್ಟು! ಅಷ್ಟು ವಿದ್ಯುತ್ತು ಹರಿಯಬೇಕಾದರೆ ಹೋಗುವ ದಾರಿಯೂ ಬರುವ ದಾರಿಯೂ ಗಟ್ಟಿಯಾಗಿರಲೇಬೇಕು. ದೀಪ ಕೇಳುವ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ಆದದ್ದೇನು? ಸಾಕೆಟ್ಟಿನೊಳಗೆ ಪ್ಲಗ್ಗಿನ ಪಿನ್ನನ್ನು ಬಿಗಿಯಾಗಿ ಹಿಡಿಯುವ ಹಿತ್ತಾಳೆಯ ಎಲೆಗಳಿರುತ್ತವೆ. ನ್ಯೂಟ್ರಲ್ ಕಡೆಯ ಎಲೆ ಬಹುದಿನಗಳಿಂದ ಸಡಿಲವಾಗಿತ್ತು. ಸಡಿಲವಾದ ಜಾಗದಲ್ಲಿ ರೋಧ ಹೆಚ್ಚು, ರೋಧ ಹೆಚ್ಚಾದರೆ ಬಿಸಿ ಹೆಚ್ಚು, ಬಿಸಿಯಾದಷ್ಟೂ ಎಲೆಯ ಬಿಗುವು ಕಡಿಮೆ. ಹಿಂದಿನ ಸಂಜೆ ಕೋಣೆ ಗುಡಿಸುವಾಗ ಯಾರೋ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದ್ದರು. ಪಿನ್ನು ಎಲೆಗೆ ತಾಗಲಿಲ್ಲ. ಪಟ್ಟಿಯ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು, ಉಳಿದ ಸಾಕೆಟ್ಟುಗಳೂ ನಡೆಯುತ್ತಿದ್ದವು. ಹೀಗಾಗಿ ಪಟ್ಟಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬಳ್ಳಾರಿಯ ಸಮೀಪ ಕುಡತಿನಿಯಲ್ಲಿ 1,700 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಅಷ್ಟು ದೊಡ್ಡ ಸ್ಥಾವರದ ಶಕ್ತಿಯನ್ನೂ ಕೂದಲೆಳೆಯಷ್ಟು ಸಂದು ತಡೆದು ನಿಲ್ಲಿಸಬಲ್ಲದು.

ಮೂರು ಪ್ರಶ್ನೆಗಳ ಲೆಕ್ಕ

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೊಗಸಾದ ಲೆಕ್ಕವಿದೆ. ಗೋಡೆಯಿಂದ ಸ್ವಿಚ್ಚಿನವರೆಗೆ ವಿದ್ಯುತ್ತಿನ ದಾರಿಯನ್ನು ಎಂಟು ಕೊಂಡಿಗಳ ಸರಪಳಿ ಎಂದುಕೊಳ್ಳಿ. 1. ಕೋಣೆಯ ಎಂಸಿಬಿ. 2. ಗೋಡೆಯ ಸಾಕೆಟ್ಟು. 3. ಯುಪಿಎಸ್. 4. ರ‍್ಯಾಕಿನ ವಿದ್ಯುತ್ ಪಟ್ಟಿ. 5. ಸ್ವಿಚ್ಚಿನ ವಯರು. 6. ಸ್ವಿಚ್ಚಿನ ಹಿಂದಿನ ಕಿಂಡಿ ಮತ್ತು ಫ್ಯೂಸು. 7. ಅದರೊಳಗಿನ ಪವರ್ ಸಪ್ಲೈ. 8. ಮುಖ್ಯ ಫಲಕ. ಇವುಗಳಲ್ಲಿ ಒಂದು ಕೊಂಡಿ ಕಳಚಿದೆ. ಯಾವುದು?

ಒಂದರಿಂದ ಶುರುಮಾಡಿ ಒಂದೊಂದನ್ನೇ ನೋಡುತ್ತ ಹೋದರೆ ಏಳು ಪರೀಕ್ಷೆಗಳೂ ಬೇಕಾಗಬಹುದು. ಅದರ ಬದಲು ಮಧ್ಯಕ್ಕೆ ಹೋಗಿ. ನಾಲ್ಕನೆಯ ಕೊಂಡಿಯಾದ ಪಟ್ಟಿಯಲ್ಲಿ, ಸ್ವಿಚ್ಚಿನ ಪ್ಲಗ್ ಇದ್ದ ಅದೇ ಸಾಕೆಟ್ಟಿನಲ್ಲಿ, ದೀಪ ಹಚ್ಚಿ. ಹತ್ತಿದರೆ ಮೊದಲ ನಾಲ್ಕು ಕೊಂಡಿಗಳು ನಿರ್ದೋಷಿ. ತಪ್ಪು ಉಳಿದ ನಾಲ್ಕರಲ್ಲಿದೆ. ಹತ್ತದಿದ್ದರೆ ತಪ್ಪು ಮೊದಲ ನಾಲ್ಕರಲ್ಲೇ ಇದೆ. ಸ್ವಿಚ್ಚನ್ನು ಮುಟ್ಟುವ ಅಗತ್ಯವೇ ಇಲ್ಲ. ಒಂದೇ ಪ್ರಶ್ನೆಗೆ ಅರ್ಧ ಕೆಲಸ ಮುಗಿಯಿತು. ಉಳಿದ ನಾಲ್ಕನ್ನು ಮತ್ತೆ ಅರ್ಧ ಮಾಡಿದರೆ ಎರಡು, ಆ ಎರಡನ್ನು ಅರ್ಧ ಮಾಡಿದರೆ ಒಂದು. ಎಂಟು ಕೊಂಡಿಗೆ ಮೂರು ಪ್ರಶ್ನೆ. ಹದಿನಾರಕ್ಕೆ ನಾಲ್ಕು. ಸಾವಿರ ಕೊಂಡಿಗಳಿದ್ದರೂ ಹತ್ತೇ ಪ್ರಶ್ನೆ ಸಾಕು, ಏಕೆಂದರೆ ಎರಡನ್ನು ಹತ್ತು ಸಲ ಗುಣಿಸಿದರೆ 1,024. ನಿಘಂಟಿನಲ್ಲಿ ಪದ ಹುಡುಕುವವರು ಮೊದಲ ಪುಟದಿಂದ ಓದುತ್ತ ಬರುವುದಿಲ್ಲವಷ್ಟೆ? ಇದೂ ಹಾಗೆಯೇ.

ಮೇಷ್ಟ್ರು ಈ ಒಂದು ಪ್ರಶ್ನೆಯನ್ನು ಸಿರುಗುಪ್ಪದಲ್ಲೇ ಕೇಳಿದ್ದರೆ ಬಸ್ಸಿನ ಪ್ರಯಾಣ ಉಳಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ ಹೊಸ ಸ್ವಿಚ್ಚಿಗೆ ಸಾವಿರಾರು ರೂಪಾಯಿ ಸುರಿದು, ಅದನ್ನೂ ಅದೇ ಸಾಕೆಟ್ಟಿಗೆ ಸಿಕ್ಕಿಸಿ, ‘ಇದೂ ಸತ್ತಿದೆ’ ಎಂದು ತಲೆಯ ಮೇಲೆ ಕೈಹೊತ್ತು ಕೂರುವ ಪ್ರಸಂಗ ತಪ್ಪಿತು.

ಕುರುಗೋಡಿನ ಪೆಟ್ಟಿಗೆ

ಇನ್ನು ಎರಡನೆಯ ಚೀಲ. ಅದನ್ನು ತಂದವಳು ಕುರುಗೋಡಿನಲ್ಲಿ ಸಣ್ಣ ಕಂಪ್ಯೂಟರ್ ಸೆಂಟರ್ ನಡೆಸುವ ಹೆಣ್ಣುಮಗಳು. ‘ಮೂರು ವರ್ಷದ ಮೇಲಾತು, ಒಂದಿನಾನೂ ನಿಂತಿಲ್ಲ. ನಿನ್ನೆ ರಾತ್ರಿ ಕರೆಂಟ್ ಹೋಗಿ ಬಂತು, ಆಮೇಲೆ ಏಳಲೇ ಇಲ್ಲ. ಬ್ಯಾರೆ ಸಾಕೆಟ್ಟಿಗೆ ಹಾಕಿದೆ, ವಯರೂ ಬದಲಾಯಿಸಿದೆ. ಅದೇ ವಯರಿಗೆ ಕಂಪ್ಯೂಟರ್ ಮಾನಿಟರ್ ಹತ್ತುತ್ತೆ, ಇದು ಹತ್ತಲ್ಲ’ ಎಂದಳು.

ಮೆಕ್ಯಾನಿಕ್ ತಲೆಯಾಡಿಸಿದರು. ‘ಅರ್ಧ ರಿಪೇರಿ ನೀನೇ ಮಾಡೀಯಲ್ಲವ್ವಾ!’ ಆಕೆ ಒಂದು ಸಲಕ್ಕೆ ಒಂದನ್ನೇ ಬದಲಿಸಿದ್ದಳು, ಅದೂ ಕೆಲಸ ಮಾಡುತ್ತದೆಂದು ಗೊತ್ತಿರುವ ವಸ್ತುವಿನೊಂದಿಗೆ. ಮೊದಲ ಐದು ಕೊಂಡಿಗಳು ಸರಿಯಾಗಿವೆ ಎಂದು ಅವಳ ಪರೀಕ್ಷೆಯೇ ಸಾಬೀತು ಮಾಡಿತ್ತು. ಉಳಿದದ್ದು ಮೂರು.

ಮೆಕ್ಯಾನಿಕ್ ತಮ್ಮ ಸೀರೀಸ್ ಬೋರ್ಡನ್ನು ಎಳೆದುಕೊಂಡರು. ರಿಪೇರಿ ಅಂಗಡಿಗಳಲ್ಲಿ ಕಾಣುವ ಈ ಹಲಗೆಯಲ್ಲಿ ಒಂದು ತಂತು ದೀಪವಿರುತ್ತದೆ. ಪರೀಕ್ಷಿಸುವ ಉಪಕರಣಕ್ಕೆ ಹೋಗುವ ವಿದ್ಯುತ್ತು ಈ ದೀಪವನ್ನು ಹಾದೇ ಹೋಗಬೇಕು. ಉಪಕರಣದಲ್ಲಿ ಶಾರ್ಟ್ ಇದ್ದರೆ ದೀಪ ಪೂರ್ತಿ ಪ್ರಕಾಶಿಸುತ್ತದೆ. ಒಳಗೆ ದಾರಿಯೇ ತುಂಡಾಗಿದ್ದರೆ ದೀಪ ಕಪ್ಪಗೇ ಇರುತ್ತದೆ. ಕುರುಗೋಡಿನ ಸ್ವಿಚ್ಚನ್ನು ಸಿಕ್ಕಿಸಿದಾಗ ದೀಪ ಒಂದು ಕ್ಷಣ ಮಿನುಗಿ ಆರಿಹೋಯಿತು. ಆ ಕ್ಷಣದ ಮಿಂಚಿನಲ್ಲೇ ಉತ್ತರವಿತ್ತು: ಫ್ಯೂಸು ಚೆನ್ನಾಗಿದೆ, ಶಾರ್ಟ್ ಇಲ್ಲ, ದೊಡ್ಡ ಕೆಪಾಸಿಟರ್ ವಿದ್ಯುತ್ತನ್ನು ತುಂಬಿಕೊಂಡಿದೆ. ಆದರೆ ಮುಂದಿನ ಕೆಲಸ ಶುರುವಾಗಿಲ್ಲ.

ಏಕೆ ಶುರುವಾಗಿಲ್ಲ? ಸ್ವಿಚ್ಚಿನೊಳಗಿನ ಪವರ್ ಸಪ್ಲೈ 230 ವೋಲ್ಟಿನ ಏಸಿಯನ್ನು ಕಡಿಮೆ ವೋಲ್ಟಿನ ಡೀಸಿಯಾಗಿ ಪರಿವರ್ತಿಸುತ್ತದೆ. ಇದನ್ನು ನಡೆಸುವ ಪುಟ್ಟ ಚಿಪ್ಪಿಗೂ ಆಹಾರ ಬೇಕು. ಒಮ್ಮೆ ಚಾಲೂ ಆದ ಮೇಲೆ ಅದು ತಾನು ತಯಾರಿಸಿದ ವಿದ್ಯುತ್ತಿನಲ್ಲೇ ಒಂದು ಪಾಲು ಪಡೆದು ಬದುಕುತ್ತದೆ. ಆದರೆ ಮೊದಲ ತುತ್ತು? ಅದಕ್ಕಾಗಿ ಬೆರಳ ತುದಿಯಷ್ಟಿರುವ ಒಂದು ಕೆಪಾಸಿಟರ್ ಇರುತ್ತದೆ. ಅದು ನಿಧಾನವಾಗಿ ತುಂಬಿಕೊಂಡು ಚಿಪ್ಪಿಗೆ ಮೊದಲ ನೂಕು ಕೊಡುತ್ತದೆ. ಬ್ಯಾಟರಿ ಸೋತ ಟ್ರ್ಯಾಕ್ಟರ್ ನೆನಪಿಸಿಕೊಳ್ಳಿ. ಓಡುತ್ತಿರುವವರೆಗೆ ಓಡುತ್ತದೆ, ಒಮ್ಮೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಕುರುಗೋಡಿನ ಸ್ವಿಚ್ಚಿನ ಗತಿ ಅದೇ ಆಗಿತ್ತು. ಕೆಪಾಸಿಟರ್ ಸತ್ತು ತಿಂಗಳುಗಳೇ ಆಗಿರಬಹುದು. ಕರೆಂಟ್ ಹೋಗಿ ಬಂದಾಗ ಅದು ಬೆಳಕಿಗೆ ಬಂತು, ಅಷ್ಟೇ.

ಬಿಸಿಲೂರಿನ ಲೆಕ್ಕ

ಕೆಪಾಸಿಟರ್ ಸತ್ತದ್ದೇಕೆ? ಅದರೊಳಗೆ ಒಂದು ದ್ರಾವಣವಿರುತ್ತದೆ. ಬಿಸಿಗೆ ಅದು ಮೆಲ್ಲನೆ ಒಣಗುತ್ತದೆ. ಎಂಜಿನಿಯರುಗಳು ಬಳಸುವ ಒಂದು ಸ್ಥೂಲ ನಿಯಮವಿದೆ: ಉಷ್ಣತೆ 10 ಡಿಗ್ರಿ ಹೆಚ್ಚಾದರೆ ಇದರ ಆಯುಷ್ಯ ಅರ್ಧವಾಗುತ್ತದೆ, 10 ಡಿಗ್ರಿ ಇಳಿದರೆ ಎರಡು ಪಟ್ಟಾಗುತ್ತದೆ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000 ಗಂಟೆ ಬಾಳುವ ಕೆಪಾಸಿಟರನ್ನು ತೆಗೆದುಕೊಳ್ಳಿ. 65 ಡಿಗ್ರಿಯಲ್ಲಿ ಅದು ಸುಮಾರು 32,000 ಗಂಟೆ ಬಾಳೀತು. ಹಗಲೂ ರಾತ್ರಿಯೂ ಉರಿಯುವ ಸ್ವಿಚ್ಚಿಗೆ ಅದು ಮೂರೂವರೆ ವರ್ಷಕ್ಕಿಂತ ತುಸು ಹೆಚ್ಚು. 55 ಡಿಗ್ರಿಯಲ್ಲೇ ಇಟ್ಟಿದ್ದರೆ? 64,000 ಗಂಟೆ, ಏಳು ವರ್ಷಕ್ಕೂ ಮೀರಿ!

ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಹೊರಗಿನ ನೆರಳೇ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಬಾಗಿಲು ಮುಚ್ಚಿದ ಕಬ್ಬಿಣದ ಬೀರುವಿನಲ್ಲಿ, ಗಾಳಿಯ ಕಿಂಡಿಗೆ ಕೆಂಧೂಳು ಮೆತ್ತಿಕೊಂಡರೆ ಒಳಗಿನ ಬಿಸಿ ಎಷ್ಟಾದೀತು? ಮೆಕ್ಯಾನಿಕ್ ಕೇಳಿದ ಕಡೆಯ ಪ್ರಶ್ನೆ ಇದೇ: ‘ಆ ಬೀರುವಿನ ಮ್ಯಾಲೆ ಏನಿಟ್ಟೀಯವ್ವಾ?’ ಆಕೆ ನಾಲಿಗೆ ಕಚ್ಚಿಕೊಂಡಳು. ಹಳೆಯ ಫೈಲುಗಳ ಗಂಟು! ಬಿಸಿಗಾಳಿ ಹೊರಹೋಗಬೇಕಾದ ಕಿಂಡಿಯೇ ಮುಚ್ಚಿತ್ತು. ಕೆಪಾಸಿಟರ್ ಬದಲಾಯಿಸಿದರೆ ಸ್ವಿಚ್ ಏಳುತ್ತದೆ, ನಿಜ. ಗಂಟು ಇಳಿಸದಿದ್ದರೆ ಹೊಸ ಕೆಪಾಸಿಟರಿಗೂ ಅದೇ ಗತಿ. ಕೆಟ್ಟ ಭಾಗವನ್ನು ಕಂಡುಹಿಡಿಯುವುದು ಅರ್ಧ ಉತ್ತರ. ಅದು ಕೆಟ್ಟದ್ದೇಕೆ ಎಂಬುದು ಉಳಿದರ್ಧ.

ಎಚ್ಚರಿಕೆಯ ಗೆರೆ

ವಿದ್ಯಾರ್ಥಿಗಳು ಎಲ್ಲಿಯವರೆಗೆ ಕೈಹಾಕಬಹುದು? ಪೆಟ್ಟಿಗೆಯ ಹೊರಗಿನವರೆಗೆ ಮಾತ್ರ. ದೀಪ, ಫ್ಯಾನು ಗಮನಿಸಬಹುದು. ಬಟನ್ ಆರಿಸಿ ಪ್ಲಗ್ಗನ್ನು ಬೇರೆ ಸಾಕೆಟ್ಟಿಗೆ ಹಾಕಬಹುದು. ಅದೇ ಬಗೆಯ ಇನ್ನೊಂದು ವಯರು ಹಚ್ಚಿ ನೋಡಬಹುದು. ಇದೆಲ್ಲ ಕೈ ಒಣಗಿರುವಾಗ, ಕಾಲಲ್ಲಿ ಚಪ್ಪಲಿ ಇರುವಾಗ, ಲ್ಯಾಬಿನ ಹಿರಿಯರು ಎದುರಿಗಿರುವಾಗ. ಸ್ಕ್ರೂ ಬಿಚ್ಚುವ ಕೆಲಸ ಬಂತೆಂದರೆ ಅಲ್ಲಿಗೆ ನಿಲ್ಲಬೇಕು.

ಇದಕ್ಕೆ ಎರಡು ಕಾರಣಗಳಿವೆ. ಒಂದು, 230 ವೋಲ್ಟ್ ಎಂಬುದು ಏಸಿಯ ಪರಿಣಾಮಕಾರಿ ಬೆಲೆ. ಅದರ ಶಿಖರ ಸುಮಾರು 325 ವೋಲ್ಟ್. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್ ಈ ಶಿಖರದವರೆಗೆ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರಬಹುದು. ಶುರುವಾಗದ ಪವರ್ ಸಪ್ಲೈನಲ್ಲಂತೂ ಅದನ್ನು ಖಾಲಿ ಮಾಡುವವರೇ ಇಲ್ಲ. ಮೆಕ್ಯಾನಿಕ್ ಕುರುಗೋಡಿನ ಪೆಟ್ಟಿಗೆ ಬಿಚ್ಚಿದೊಡನೆ ಮಾಡಿದ ಮೊದಲ ಕೆಲಸ ಆ ಕೆಪಾಸಿಟರನ್ನು ಒಂದು ರೋಧಕದ ಮೂಲಕ ಖಾಲಿ ಮಾಡಿದ್ದು. ಎರಡು, ಸಿರುಗುಪ್ಪದ ಸಾಕೆಟ್ಟಿನ ಹಾಗೆ ನ್ಯೂಟ್ರಲ್ ಮಾತ್ರ ಕಳಚಿದ್ದರೆ ಉಪಕರಣ ಸತ್ತಂತೆ ಕಾಣುತ್ತದೆ, ಆದರೆ ಫೇಸ್ ಅದರ ಒಳಗಿನವರೆಗೂ ಬಂದು ಕುಳಿತಿರುತ್ತದೆ. ಉರಿಯದ ದೀಪ ಎಂದರೆ ವಿದ್ಯುತ್ ಇಲ್ಲ ಎಂದರ್ಥವಲ್ಲ! ಮುಟ್ಟಿದವನ ಮೈಯೇ ಹಿಂದಿರುಗುವ ದಾರಿಯಾದೀತು. ಸಡಿಲ ಸಾಕೆಟ್ಟಿನ ಪಟ್ಟಿಯನ್ನು ಅಂಟುಪಟ್ಟಿ ಸುತ್ತಿ ಮತ್ತೆ ಬಳಸಬಾರದು; ಬೆಂಕಿಗೆ ಅದು ಆಹ್ವಾನ. ಬದಲಾಯಿಸುವುದೇ ಸರಿ.

ಪೋಷಕರಿಗೂ ಇಲ್ಲೊಂದು ಮಾತಿದೆ. ಮನೆಯಲ್ಲಿ ಮಿಕ್ಸಿ, ಫ್ಯಾನು, ಟೀವಿ ನಿಂತಾಗ ಮಕ್ಕಳನ್ನು ‘ದೂರ ಹೋಗು’ ಎಂದು ಗದರಿಸಿ ಕಳಿಸುವುದಕ್ಕಿಂತ, ಪಕ್ಕದಲ್ಲಿ ನಿಲ್ಲಿಸಿಕೊಂಡು ‘ಮೊದಲು ಯಾವುದನ್ನು ನೋಡೋಣ?’ ಎಂದು ಕೇಳಿ. ಕೈ ಹಾಕುವುದು ಬೇಡ, ಯೋಚಿಸಲಿ. ಅಂಕಪಟ್ಟಿಗೂ ಈ ಮಾತು ಅನ್ವಯಿಸುತ್ತದೆ. ಗಣಿತದಲ್ಲಿ ಅಂಕ ಕಡಿಮೆ ಬಂದೊಡನೆ ‘ಹುಡುಗ ದಡ್ಡ’ ಎನ್ನುವುದು, ದೀಪ ಉರಿಯದ್ದಕ್ಕೆ ‘ಸ್ವಿಚ್ ಸತ್ತಿದೆ’ ಎಂದಂತೆಯೇ. ಪೆಟ್ಟಿಗೆ ಗಟ್ಟಿಯಾಗಿರಬಹುದು, ಎಲ್ಲೋ ಹಿಂದೆ, ಐದನೆಯ ತರಗತಿಯ ಭಿನ್ನರಾಶಿಯಲ್ಲಿ, ಒಂದು ಎಲೆ ಸಡಿಲವಾಗಿರಬಹುದು. ಒಂದು ಪರೀಕ್ಷೆ ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಸಂಜೆಯ ಬಸ್ಸಿನಲ್ಲಿ ಸ್ವಿಚ್ ಸಿರುಗುಪ್ಪಕ್ಕೆ ಮರಳಿತು. ಹೊಸ ಪಟ್ಟಿಯೊಂದನ್ನು ಕೊಂಡು ತಂದದ್ದಷ್ಟೇ ಖರ್ಚು. ರಾತ್ರಿ ಒಂಬತ್ತಕ್ಕೆ ಲ್ಯಾಬಿನ ಬಾಗಿಲು ತೆರೆದು ಪ್ಲಗ್ ಸಿಕ್ಕಿಸಿದಾಗ ಹಸಿರು ದೀಪಗಳು ಸಾಲಾಗಿ ಹೊತ್ತಿಕೊಂಡವು. ಮರುದಿನ ಬೆಳಿಗ್ಗೆ ಜಗುಲಿಯ ಮೇಲೆ ಕಾದವರ ಸರದಿ ಶುರುವಾಯಿತು. ಮೇಷ್ಟ್ರ ಜೇಬಿನಲ್ಲಿ ಟೆಸ್ಟರ್ ಹಾಗೆಯೇ ಇತ್ತು. ಅದರ ಪಕ್ಕದಲ್ಲಿ, ಮೇಜಿನ ಖಾನೆಯೊಳಗೆ, ಹೋಲ್ಡರ್ ಸಮೇತ ಒಂದು 60 ವ್ಯಾಟಿನ ಬಲ್ಬೂ ಬಂದು ಸೇರಿತ್ತು.